ಎಲೆ ತಿರುಗಿಸಿ ನೋಡಿದವನು

ಊಟಿ ಟ್ರಿಪ್‌ಗೆ ಹೋದಾಗ ದೊಡ್ಡಬೆಟ್ಟದ ಮೇಲೆ ಕೆಂಪು ಹೂ ಬಿಟ್ಟ ಗಿಡ್ಡ ಮರದ ಪಕ್ಕ ಸೆಲ್ಫಿ ತೆಗೆದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಅದು ರೋಡೋಡೆಂಡ್ರಾನ್. ಅದರ ಎಲೆಯನ್ನ ತಿರುಗಿಸಿ ನೋಡಿದವರು ಎಷ್ಟು ಜನ? ಹಿಮಾಲಯದಲ್ಲಿ ಅದರ ಬಂಧುಗಳನ್ನು ಹಾಗೆ ನೋಡುತ್ತಾ ಅಲೆದವನು ಜೋಸೆಫ್ ಡಾಲ್ಟನ್ ಹೂಕರ್.

1817ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ. ಅಪ್ಪನೂ ಸಸ್ಯಶಾಸ್ತ್ರಜ್ಞ. 22ನೇ ವಯಸ್ಸಿಗೇ ಅಂಟಾರ್ಕ್ಟಿಕಾ ಕಡೆ ಹೊರಟ ಹಡಗು ಹತ್ತಿದ, ಆಮೇಲೆ ಡಾರ್ವಿನ್‌ಗೆ ಆಪ್ತ ಗೆಳೆಯನಾದ. 1848ರಲ್ಲಿ ಡಾರ್ಜಿಲಿಂಗ್‌ಗೆ ಬಂದು, ಲೆಪ್ಚಾ ಜನರ ನೆರವಿನಿಂದ ಸಿಕ್ಕಿಂ ಬೆಟ್ಟಗಳನ್ನು ಹತ್ತತೊಡಗಿದ.

ಅಲ್ಲಿ ಎರಡು ರೋಡೋಡೆಂಡ್ರಾನ್‌ಗಳು ದೂರದಿಂದ ಒಂದೇ ಥರ ಕೆಂಪಗೆ ಕಾಣುತ್ತವೆ. ಅರ್ಬೋರಿಯಂ ಕೆಳಗಿನ ಕಾಡಿನ ಮರ. ಹೂಗಳು ಚೆಂಡಿನಂತೆ ಒತ್ತಾಗಿರುತ್ತವೆ, ಎಲೆ ಉದ್ದ, ಅದರ ತಳದಲ್ಲಿ ಬೆಳ್ಳಿಬಣ್ಣದ ತುಪ್ಪುಳ. ಇನ್ನೊಂದು ಸಿಗುವುದು ಸುಮಾರು 11,000 ಅಡಿ ದಾಟಿದ ಮೇಲೆ. ಎಲೆ ಹೆಚ್ಚುಕಡಿಮೆ ದುಂಡಗೆ, ತಳದಲ್ಲಿ ತುಪ್ಪುಳವಿಲ್ಲ; ಗೊಂಚಲು ಸಡಿಲ; ಪ್ರತಿ ಹೂವಿನ ಬುಡದಲ್ಲೂ ಸಣ್ಣ ಬಟ್ಟಲಿನಂಥ ಪುಷ್ಪಪಾತ್ರೆ. ಅದಕ್ಕೆ ಗೆಳೆಯ ಥಾಮ್ಸನ್‌ನ ಹೆಸರಿಟ್ಟು ಥಾಮ್ಸೋನೈ ಅಂತ ಕರೆದ. ಇನ್ನೂ ಮೇಲೆ, 18,000 ಅಡಿಯ ಹತ್ತಿರ, ನೆಲಕ್ಕಂಟಿಕೊಂಡು ಬೆಳೆಯುವ ನಿವಾಲೆ ಸಿಕ್ಕಿತು. ಅದೂ ರೋಡೋಡೆಂಡ್ರಾನೇ, ನಂಬಿ!

ಎತ್ತರ ಗೊತ್ತಾಗದೆ ಗುರುತು ಪೂರ್ತಿಯಾಗಲ್ಲ. ಜಿಪಿಎಸ್ ಇಲ್ಲದ ಕಾಲ. ಆತ ನೀರು ಕುದಿಸಿ ಥರ್ಮಾಮೀಟರ್ ಇಡುತ್ತಿದ್ದ. ಮೇಲೇರಿದಷ್ಟೂ ಗಾಳಿಯ ಒತ್ತಡ ಇಳಿದು ಕುದಿಯುವ ಬಿಂದುವೂ ಇಳಿಯುತ್ತದೆ, 18,000 ಅಡಿಯಲ್ಲಿ 82 ಡಿಗ್ರಿ ಸೆಲ್ಸಿಯಸ್ ಆಸುಪಾಸು. ನಮ್ಮ ಥರ್ಮೋಡೈನಮಿಕ್ಸ್ ಪಾಠವೇ ಅಲ್ವಾ?

1849ರ ನವೆಂಬರ್‌ನಲ್ಲಿ ಎಡವಟ್ಟಾಯಿತು. ಸಿಕ್ಕಿಂನವರು ಬೇಡವೆಂದರೂ ಟಿಬೆಟ್ ಗಡಿ ದಾಟಿದ್ದಕ್ಕೆ ಹೂಕರ್‌ನ ಜೊತೆಗಿದ್ದ ಡಾರ್ಜಿಲಿಂಗ್ ಅಧಿಕಾರಿ ಕ್ಯಾಂಪ್‌ಬೆಲ್‌ನನ್ನು ದಿವಾನನ ಜನ ಹಿಡಿದು ಕಟ್ಟಿಹಾಕಿದರು. ಗೆಳೆಯನನ್ನು ಬಿಟ್ಟುಹೋಗದೆ ಹೂಕರ್ ಕೂಡ ಸೆರೆಯಲ್ಲೇ ಉಳಿದ. ಬಿಡುಗಡೆಯಾಗಿದ್ದು ಡಿಸೆಂಬರ್ 24ಕ್ಕೆ. ಸೇಡು ತೀರಿಸಿಕೊಳ್ಳಲು ಬ್ರಿಟಿಷರು ಸಿಕ್ಕಿಂನ ತೆರಾಯಿ ಭೂಮಿಯನ್ನೇ ಕಿತ್ತುಕೊಂಡರು. ತಪ್ಪು ಅತಿಥಿಗಳದ್ದು, ದಂಡ ಮನೆಯವರಿಗೆ. ಹೂಕರ್ ಕಥೆ ಹೇಳುವಾಗ ಇದನ್ನು ಬಿಟ್ಟರೆ ಕಥೆ ಅರ್ಧ ಅಂತ ನನಗನಿಸುತ್ತದೆ.

ಮುಂದೆ ಕ್ಯೂ ಸಸ್ಯೋದ್ಯಾನದ ನಿರ್ದೇಶಕನಾದ. ಬ್ರಿಟಿಷ್ ಇಂಡಿಯಾದ ಸಸ್ಯಗಳ ಕುರಿತ ಏಳು ಸಂಪುಟಗಳನ್ನು 1872ರಿಂದ 1897ರವರೆಗೆ ಹೊರತಂದ. 1911ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡ. ಕೊನೆಯ ವರ್ಷಗಳಲ್ಲೂ ಒಣಗಿದ ಬಾಲ್ಸಮ್ ಹೂಗಳನ್ನು ಬಿಡಿಸಿಟ್ಟುಕೊಂಡು ಜಾತಿ ಗುರುತಿಸುತ್ತಲೇ ಇದ್ದ. ಅದೇ ಕುಲದ ಹೂಗಳು ಮಳೆಗಾಲದಲ್ಲಿ ನಮ್ಮ ಪಶ್ಚಿಮ ಘಟ್ಟದ ಬಂಡೆಗಳ ಮೇಲೂ ಅರಳುತ್ತವೆ.