ಕಮಲಾದೇವಿಯವರೂ ನಮ್ಮ ಕೈಗೆಲಸವೂ

ಮಣ್ಣೆತ್ತಿನ ಅಮಾವಾಸ್ಯೆ ಬಂದಿತೆಂದರೆ ಹುಕ್ಕೇರಿ, ಮೂಡಲಗಿ ಸೀಮೆಯ ಒಕ್ಕಲುಮನೆಗಳಲ್ಲಿ ಎರೆಮಣ್ಣಿನಿಂದ ಜೋಡೆತ್ತುಗಳು ಮೂಡುವವು. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡಿ ಗುಲಗಂಜಿಗಳಿಂದ ಸಿಂಗರಿಸುವರು. ಗೋಕಾಕದ ಜೀನಗಾರರು ಹಗುರಾದ ಕಟ್ಟಿಗೆಯಿಂದ ಕಡೆದು ಬಣ್ಣವಿಟ್ಟ ಹಣ್ಣುಗಳಂತೂ, ನಿಜವಾದವೆಂದು ಮಕ್ಕಳು ಬಾಯಿಗಿಡುವಂತಿರುವವು. ಆದರೂ ಇವರಾರನ್ನೂ ನಾವು ಶಿಲ್ಪಿಗಳೆಂದು ಕರೆದವರಲ್ಲ. ದಿನಬಳಕೆಯ ಇಂಥ ಕೈಗೆಲಸಕ್ಕೂ ಕಲೆಯ ಗೌರವವು ಸಲ್ಲಬೇಕೆಂದು ಆಯುಷ್ಯವನ್ನು ಸವೆಸಿದವರು ಕನ್ನಡ ಕರಾವಳಿಯ ಮಗಳಾದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು.

ಕಮಲಾದೇವಿಯವರು ಹುಟ್ಟಿದ್ದು 1903ನೆಯ ಇಸವಿ ಏಪ್ರಿಲ್ 3ರಂದು, ಮಂಗಳೂರಿನಲ್ಲಿ. ಎಳೆತನದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಹದಿನಾಲ್ಕರಲ್ಲಿ ಮದುವೆ, ಎರಡು ವರ್ಷ ಕಳೆಯುವಷ್ಟರಲ್ಲಿ ವೈಧವ್ಯ. ಅಂದಿನ ಸಮಾಜವು ಇಂಥ ಬಾಲೆಗೆ ಮನೆಯ ಮೂಲೆಯನ್ನಲ್ಲದೆ ಬೇರೇನನ್ನೂ ಕೊಡುತ್ತಿರಲಿಲ್ಲ. ಆದರೆ ತಾಯಿ ಗಿರಿಜಾಬಾಯಿಯವರ ಧೈರ್ಯದಿಂದ ಅವರ ಓದು ಮುಂದುವರಿಯಿತು. ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ವರಿಸಿ, ವಿಧವಾ ವಿವಾಹವನ್ನು ಮಾತಿನಿಂದಲ್ಲ, ನಡೆಯಿಂದಲೇ ಸಮರ್ಥಿಸಿದರು.

ಅಸಹಕಾರದ ಕರೆಯು ಅವರನ್ನು ವಿಲಾಯತಿಯಿಂದ ತಾಯ್ನಾಡಿಗೆ ತಂದಿತು. ಕರ್ನಾಟಕದ ಡಾ. ಹರ್ಡೀಕರರು ಕಟ್ಟಿದ ಸೇವಾದಲದಲ್ಲಿ ಅವರು ದುಡಿದರು. 1926ರಲ್ಲಿ ಮದ್ರಾಸ ಪ್ರಾಂತದ ಶಾಸನಸಭೆಯ ಚುನಾವಣೆಗೆ ನಿಂತು ಅಲ್ಪಮತಗಳಿಂದ ಸೋತರೂ, ಹೆಂಗಸರು ಮುಂದೆ ನಡೆಯಬೇಕಾದ ದಾರಿಯನ್ನು ತೆರೆದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬಯಿಯ ಬೀದಿಯಲ್ಲಿ ಕಾಯಿದೆ ಮುರಿದ ಉಪ್ಪನ್ನು ಮಾರಿ ಸೆರೆಮನೆಯನ್ನು ಕಂಡರು.

ಸ್ವಾತಂತ್ರ್ಯವು ಬಂದ ಮೇಲೆ ಹಲವರ ಕಣ್ಣು ಅಧಿಕಾರದ ಕಡೆಗೆ ತಿರುಗಿತು. ಕಮಲಾದೇವಿಯವರ ಕಣ್ಣಾದರೋ ನಿರಾಶ್ರಿತರ ಬಿಡಾರಗಳ ಕಡೆಗೂ ಕುಶಲಕರ್ಮಿಯ ಗುಡಿಸಲಿನ ಕಡೆಗೂ ತಿರುಗಿತು. ಫರೀದಾಬಾದದಲ್ಲಿ ನಿರಾಶ್ರಿತರಿಗೆ ಸಹಕಾರದ ಮೂಲಕ ನೆಲೆಯನ್ನು ಕಟ್ಟಲು ಶ್ರಮಿಸಿದರು. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಲಿಯ ಅಧ್ಯಕ್ಷಸ್ಥಾನವನ್ನು ವಹಿಸಿ, ಹಳ್ಳಿಹಳ್ಳಿಗೆ ತಾವೇ ಹೋಗಿ, ಅಳಿಯುತ್ತಿದ್ದ ಕಸಬುಗಳನ್ನು ಹುಡುಕಿದರು. ಉತ್ತಮ ಕುಶಲಕರ್ಮಿಗಳಿಗೆ 1965ರಿಂದ ರಾಷ್ಟ್ರ ಪ್ರಶಸ್ತಿಗಳು ಸಲ್ಲತೊಡಗಿದುದರ ಹಿಂದೆ ಅವರ ಪರಿಶ್ರಮವಿರುವದು. ಅವರಿಗೆ 1966ರಲ್ಲಿ ಮ್ಯಾಗ್ಸೇಸೆ ಪಾರಿತೋಷಕವೂ 1987ರಲ್ಲಿ ಪದ್ಮವಿಭೂಷಣವೂ ದೊರೆತವು. 1988ರ ಅಕ್ಟೋಬರ 29ರಂದು ಅವರು ದೇಹವಿಟ್ಟರು.

ಅವರ ಬಾಳಿನಿಂದ ನಾವು ತಿಳಿಯತಕ್ಕದ್ದೇನು? ನಮ್ಮ ನಾಡಿನಲ್ಲಿ ಚೆಲುವೂ ಬಳಕೆಯೂ ಬೇರೆಬೇರೆಯಾಗಿರಲಿಲ್ಲ. ನೀರಿನ ಕೊಡ, ಮಲಗುವ ಕೌದಿ, ಮಗುವಿನ ಆಟಿಗೆ ಇವೆಲ್ಲವುಗಳಲ್ಲಿಯೂ ಕಲೆಯು ಬೆರೆತಿತ್ತು. ಅದು ಶ್ರೀಮಂತನ ಗಾಜಿನ ಕಪಾಟನ್ನು ಸೇರಿ, ಬಡವನ ಮನೆಗೆ ಕಾರಖಾನೆಯ ಅಚ್ಚಿನ ಸಾಮಾನು ಬಂದಂದು, ಹಾಳಾಗುವದು ಕಸಬೊಂದೇ ಅಲ್ಲ, ಜನರ ಕಣ್ಣೂ ಹಾಳಾಗುವದು. ರಾಜಕೀಯ ಸ್ವಾತಂತ್ರ್ಯಕ್ಕಾಗಿ ಹೋರಾಡಿದವರು ಗೊಂಬೆ ಮಾಡುವವನ ಕೂಲಿಗಾಗಿ ಹೋರಾಡಿದುದರಲ್ಲಿ ಅಸಂಗತವೇನೂ ಇಲ್ಲ.

ಗೋಕಾಕದ ಗೊಂಬೆಗಳಿಗೂ ಇದೇ ಪ್ರಶ್ನೆಯು ಬಂದಿರುವದು. ಅಗ್ಗದ ಪ್ಲಾಸ್ಟಿಕ್ ಹಣ್ಣುಗಳ ಮುಂದೆ, ದಿನಗಟ್ಟಲೆ ಕುಳಿತು ಕಡೆದ ಹಣ್ಣಿಗೆ ತಕ್ಕ ಬೆಲೆಯು ಬಾರದಿದ್ದರೆ ಜೀನಗಾರನ ಮಗನು ಉಳಿಯನ್ನು ಕೆಳಗಿಡುವದು ಸಹಜವೇ ಸರಿ. ಸರಕಾರದ ಪ್ರಶಸ್ತಿಯು ಒಬ್ಬಿಬ್ಬರನ್ನು ಗೌರವಿಸಬಹುದು. ಕಸಬನ್ನು ಬದುಕಿಸಬೇಕಾದವರು ಕೊಳ್ಳುವವರು. ಜಲಪಾತವನ್ನು ನೋಡಲು ಗೋಕಾಕಕ್ಕೆ ಹೋಗುವವರು ಹಿಂದಿರುಗುವಾಗ, ಚೌಕಾಸಿ ಮಾಡದೆ, ಒಂದು ಗೊಂಬೆಯನ್ನು ಮನೆಗೆ ತರಲಿ. ಅದನ್ನು ಕಪಾಟಿನಲ್ಲಿಡದೆ ಮಗುವಿನ ಕೈಗೆ ಕೊಡಲಿ. ಕಮಲಾದೇವಿಯವರ ಸ್ಮರಣೆಗೆ ಇದಕ್ಕಿಂತ ಯೋಗ್ಯವಾದ ಕಾಣಿಕೆಯು ಬೇರೊಂದಿಲ್ಲ.