ನದಿಯ ಕೈಯಲ್ಲೇ ಹೂಳು ತೆಗೆಸಿದ ಜೇಮ್ಸ್ ಈಡ್ಸ್

ಹೂಳು ತೆಗೆಯುವುದು ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಜೆಸಿಬಿ. ಆದರೆ ನೀರಿನಡಿಯ ಮರಳನ್ನು ಬಗೆದು ಎತ್ತುವುದಕ್ಕಿಂತ, ನೀರಿನಲ್ಲೇ ಕಲಸಿ ಪೈಪಿನಲ್ಲಿ ಹರಿಸುವುದು ಎಷ್ಟೋ ಸಲ ಸುಲಭ. ಅಮೆರಿಕದ ಜೇಮ್ಸ್ ಬುಕಾನನ್ ಈಡ್ಸ್ ಇದನ್ನು ಕಲಿತದ್ದು ಯಾವ ಕಾಲೇಜಿನಲ್ಲೂ ಅಲ್ಲ, ಮಿಸಿಸಿಪ್ಪಿ ನದಿಯ ತಳದಲ್ಲಿ.

1820ರಲ್ಲಿ ಇಂಡಿಯಾನಾದಲ್ಲಿ ಹುಟ್ಟಿದ ಈಡ್ಸ್ 13ನೇ ವಯಸ್ಸಿಗೆ ಸೇಂಟ್ ಲೂಯಿಸ್ ನಗರಕ್ಕೆ ಬಂದರು. ಬಂದ ಹಡಗಿಗೇ ಬೆಂಕಿ ಬಿದ್ದು ಮನೆಯವರು ಎಲ್ಲವನ್ನೂ ಕಳೆದುಕೊಂಡರು. ಹುಡುಗ ಬೀದಿಯಲ್ಲಿ ಸೇಬು ಮಾರಿದ, ಬಟ್ಟೆ ಅಂಗಡಿಯಲ್ಲಿ ದುಡಿದ, ಮಾಲೀಕರ ಪುಸ್ತಕಗಳನ್ನು ಓದಿ ಯಂತ್ರವಿದ್ಯೆ ಕಲಿತ. 1842ರಲ್ಲಿ ಮುಳುಗಿದ ಹಡಗುಗಳ ಸರಕು ಎತ್ತುವ ಧಂದೆ ಶುರುವಾಯಿತು. ಪೀಪಾಯಿಯಿಂದ ಮಾಡಿಕೊಂಡ ಗಾಳಿಗಂಟೆಯೊಳಗೆ ನಿಂತು ಈಡ್ಸ್ ನದಿಯ ತಳದಲ್ಲಿ ನಡೆದಾಡಿದರು. ತಳ ಗಟ್ಟಿ ನೆಲವೆಂದು ನಾವು ಭಾವಿಸುತ್ತೇವೆ. ಅಲ್ಲಿ ಅವರು ಕಂಡದ್ದು ಪ್ರವಾಹದೊಡನೆ ಸಾಗುವ ಮರಳು. ನೀರು ವೇಗವಾದರೆ ಮರಳು ಏಳುತ್ತದೆ, ನಿಧಾನವಾದರೆ ಕೂರುತ್ತದೆ.

ಸೇಂಟ್ ಲೂಯಿಸ್ ಸೇತುವೆ ಕಟ್ಟುವಾಗ (1867–74) ಕಂಬಗಳ ಬುಡದ ಮರಳು ತೆಗೆಯಬೇಕಿತ್ತು. ಅದಕ್ಕೆ ಈಡ್ಸ್ ತಿರುಗುವ ಭಾಗವೇ ಇಲ್ಲದ ಮರಳು ಪಂಪ್ ರೂಪಿಸಿದರು. ಒತ್ತಡದ ನೀರು ಪೈಪಿನೊಳಗೆ ಮೇಲ್ಮುಖವಾಗಿ ಚಿಮ್ಮಿದಾಗ ಅದರ ಕೆಳಗೆ ಒತ್ತಡ ಕುಸಿದು, ಮರಳು ನೀರಿನ ಜೊತೆ ಮೇಲಕ್ಕೆ ಎಳೆಯಲ್ಪಡುತ್ತದೆ. ನಮ್ಮ ಬಾವಿಗಳ ಜೆಟ್ ಪಂಪಿನ ತತ್ವವೂ ಇದೇ. ಮರಳಿನ ಸಮಸ್ಯೆ ಹೀಗೆ ಬಗೆಹರಿಯಿತು, ಗಾಳಿಯ ಒತ್ತಡದ್ದು ಬಗೆಹರಿಯಲಿಲ್ಲ. ಕಂಬದಡಿಯ ಕೋಣೆಯಿಂದ ಬೇಗ ಮೇಲೆ ಬಂದ ಹತ್ತಕ್ಕೂ ಹೆಚ್ಚು ಕೆಲಸಗಾರರು ಸತ್ತರು. ಸೇತುವೆಯ ಹೊಗಳಿಕೆಯಲ್ಲಿ ಇದನ್ನು ಮರೆಯುವುದು ನಮಗೆ ಸರಿ ಕಾಣುವುದಿಲ್ಲ.

ಮುಂದಿನ ಸವಾಲು ಮಿಸಿಸಿಪ್ಪಿಯ ಬಾಯಿ. ಅಲ್ಲಿ ಎಷ್ಟು ಬಗೆದರೂ ಒಂದು ನೆರೆಗೆ ಹೂಳು ಮತ್ತೆ ತುಂಬುತ್ತಿತ್ತು. ಹರಿವನ್ನು ಕಿರಿದು ಮಾಡಿದರೆ ನದಿಯೇ ತಳ ಕೊರೆಯುತ್ತದೆ ಎಂದು ಈಡ್ಸ್ ವಾದಿಸಿದರು. ಸೇನೆಯ ಎಂಜಿನಿಯರುಗಳ ಮುಖ್ಯಸ್ಥರು ಒಪ್ಪಲಿಲ್ಲ. ಆಳ ಬಂದರಷ್ಟೇ ಹಣ ಎಂಬ ಷರತ್ತಿಗೆ ಈಡ್ಸ್ ಒಪ್ಪಿ, 1875ರಲ್ಲಿ ವಿಲ್ಲೋ ಕೊಂಬೆಗಳ ಚಾಪೆ, ಕಲ್ಲುಗಳಿಂದ ಎರಡು ಸಮಾನಾಂತರ ದಂಡೆ ಕಟ್ಟತೊಡಗಿದರು. ಸುಮಾರು 8 ಅಡಿ ಇದ್ದ ಆಳ 1879ಕ್ಕೆ 30 ಅಡಿಯಾಯಿತು.

ಈಡ್ಸ್ 1887ರಲ್ಲಿ ತೀರಿಕೊಂಡರು. ಹಡಗುಗಳು ದೊಡ್ಡದಾದಂತೆ ದಂಡೆಗಳಷ್ಟೇ ಸಾಲದಾದವು. ಈಗ ಆ ನದಿಯ ಬಾಯಲ್ಲಿ ಹೂಳು ಹೀರುವ ಪಂಪಿನ ಹಡಗುಗಳೂ ದುಡಿಯುತ್ತವೆ.