ಎರಡು ವರ್ಷ ಮಾರಾಟವಾಗದ ನೇಗಿಲು

ಕಳೆದ ವರ್ಷ ಎರಡು ದಿನಗಳ ಸ್ಟಾರ್ಟ್‌ಅಪ್ ಸ್ಪರ್ಧೆಯೊಂದಕ್ಕೆ ಹೋಗಿದ್ದೆ. ಶುಕ್ರವಾರ ಸಂಜೆ ಪರಸ್ಪರ ಪರಿಚಯವೇ ಇಲ್ಲದ ಐದು ಮಂದಿ ಒಂದು ತಂಡವಾದೆವು. ಟ್ರ್ಯಾಕ್ಟರ್, ರಾಶಿ ಯಂತ್ರಗಳನ್ನು ರೈತರಿಗೆ ಬಾಡಿಗೆಗೆ ಕೊಡಿಸುವ ಆ್ಯಪ್ ನಮ್ಮ ಐಡಿಯಾ. ಭಾನುವಾರ ಮಧ್ಯಾಹ್ನದೊಳಗೆ ಹೆಸರು, ಲೋಗೊ, ಹದಿನಾಲ್ಕು ಸ್ಲೈಡ್ ಎಲ್ಲವೂ ಸಿದ್ಧವಾಗಿದ್ದವು. ತೀರ್ಪುಗಾರರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಜನ ರೈತರನ್ನು ಮಾತನಾಡಿಸಿದ್ದೀರಿ ಎಂದು. ಬಸವಕಲ್ಯಾಣದ ಪಕ್ಕದ ನಾರಾಯಣಪುರದ ಒಕ್ಕಲು ಮನೆತನದವನಾದ ನಾನು ತಲೆ ತಗ್ಗಿಸಿ ನಿಂತೆ. ಮನೆಯಲ್ಲೇ ಇರುವ ಕಾಕಾನನ್ನೂ ನಾನು ಕೇಳಿರಲಿಲ್ಲ. ಸೋಮವಾರದಿಂದ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಮೆಸೇಜೂ ಬರಲಿಲ್ಲ.

ಊರಿಗೆ ಬಂದು ಹೊಲದ ಬಾವಿಯ ಬಳಿ ಸುಮ್ಮನೆ ಕುಳಿತಿದ್ದಾಗ ಹಳೆಯ ಪಂಪಿನ ಮೇಲಿನ ಹೆಸರು ಕಣ್ಣಿಗೆ ಬಿತ್ತು. ಕಿರ್ಲೋಸ್ಕರ್. ಚಿಕ್ಕಂದಿನಿಂದ ನೋಡಿದ ಹೆಸರು. ಅದೊಬ್ಬ ಮನುಷ್ಯನ ಮನೆತನದ ಹೆಸರು, ಆ ಮನುಷ್ಯ ಹುಟ್ಟಿದ್ದು ನಮ್ಮದೇ ಬೆಳಗಾವಿ ಜಿಲ್ಲೆಯಲ್ಲಿ ಎಂಬುದು ಗೊತ್ತಾಗಿದ್ದು ಆಮೇಲೆ.

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಗುರ್ಲಹೊಸೂರಿನಲ್ಲಿ. ತಂದೆ ವೇದಾಂತ ಪಂಡಿತರು. ಮಗನಿಗೆ ಒಲವಿದ್ದದ್ದು ಚಿತ್ರ ಮತ್ತು ಯಂತ್ರಗಳಲ್ಲಿ. ಅಣ್ಣ ರಾಮುಅಣ್ಣನ ಬೆಂಬಲದಿಂದ 1885ರಲ್ಲಿ ಮುಂಬೈಯ ಜೆ.ಜೆ. ಕಲಾ ಶಾಲೆಗೆ ಸೇರಿದರು. ಅಲ್ಲಿ ಗೊತ್ತಾದ ಸಂಗತಿ ಎಂಥವರನ್ನೂ ಕುಗ್ಗಿಸುವಂಥದ್ದು: ಅವರಿಗೆ ಭಾಗಶಃ ಬಣ್ಣಗುರುಡು ಇತ್ತು. ಚಿತ್ರಕಾರನಾಗುವ ಆಸೆ ಅಲ್ಲಿಗೆ ಮುಗಿಯಿತು. ಆದರೆ ಗೆರೆ ಎಳೆಯಲು ಬಣ್ಣ ಬೇಕಿಲ್ಲವಲ್ಲ! ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದರು.

ನನಗೆ ಹೆಚ್ಚು ಹಿಡಿಸಿದ ಭಾಗ ಮುಂದಿನದು. ಸಂಬಳದ ಕೆಲಸ ಬಿಡದೆಯೇ ಅವರು ಅಣ್ಣನೊಂದಿಗೆ ಸೈಕಲ್ ವ್ಯಾಪಾರ ಶುರು ಮಾಡಿದರು. ಮುಂಬೈಯಲ್ಲಿ ತಮ್ಮ ಸೈಕಲ್ ಕೊಂಡು ಬೆಳಗಾವಿಗೆ ಕಳಿಸುವುದು, ಅಲ್ಲಿ ಅಣ್ಣ ಮಾರುವುದು, ರಿಪೇರಿ ಮಾಡುವುದು, ಕೊಂಡವರಿಗೆ ದುಡ್ಡು ತೆಗೆದುಕೊಂಡು ಸವಾರಿಯನ್ನೂ ಕಲಿಸುವುದು. ಸೈಕಲ್ ಎಂಬುದನ್ನೇ ಜನ ಬೆರಗಿನಿಂದ ನೋಡುತ್ತಿದ್ದ ಕಾಲದಲ್ಲಿ, ಹೊಡೆಯಲು ಬಾರದವನಿಗೆ ಅದನ್ನು ಮಾರುವುದಾದರೂ ಹೇಗೆ? ಅದಕ್ಕೇ ಮೊದಲು ಕಲಿಸಬೇಕಿತ್ತು. ಕಿರ್ಲೋಸ್ಕರ್ ಸಮೂಹ ಇಂದಿಗೂ ತನ್ನ ಹುಟ್ಟನ್ನು 1888ರಿಂದ ಎಣಿಸುತ್ತದೆ. ತಮಗೆ ಬರಬೇಕಿದ್ದ ಬಡ್ತಿ ಆಂಗ್ಲೋ ಇಂಡಿಯನ್ ಒಬ್ಬರಿಗೆ ಹೋದಾಗ ಲಕ್ಷ್ಮಣರಾವ್ ನೌಕರಿಗೆ ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದುಬಿಟ್ಟರು. ಬಿಟ್ಟು ಬರಲು ಅಷ್ಟರಲ್ಲಿ ಒಂದು ಅಂಗಡಿ ಇತ್ತು ಎಂಬುದನ್ನು ಮರೆಯಬಾರದು. ನಾಳೆಯೇ ಕೆಲಸ ಬಿಡುತ್ತೇನೆ ಎಂದು ಸ್ಪರ್ಧೆಯ ರಾತ್ರಿ ಟೀ ಕುಡಿಯುತ್ತಾ ಘೋಷಿಸಿದ ನಮ್ಮ ತಂಡದ ಗೆಳೆಯನಿಗೆ ಇದನ್ನು ಹೇಳಬೇಕೆಂದಿದ್ದೆ. ಅವನು ಇನ್ನೂ ಅದೇ ಕೆಲಸದಲ್ಲಿದ್ದಾನೆ, ಒಳ್ಳೆಯದೇ ಆಯಿತು.

ಬೆಳಗಾವಿಯಲ್ಲಿ ಅವರು ಮೊದಲು ತಯಾರಿಸಿದ್ದು ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು. ನಮ್ಮ ಕಡೆಯ ಮಾತಿನಲ್ಲಿ ರಂಟೆ. ಮರದ ರಂಟೆ ನೆಲವನ್ನು ಗೀರುತ್ತದೆ, ಕಬ್ಬಿಣದ್ದು ಮಣ್ಣನ್ನು ಹೊರಳಿಸುತ್ತದೆ. ಎರೆ ಭೂಮಿಯಲ್ಲಿ ಬೇರುಬಿಟ್ಟ ಕಳೆ ಎಷ್ಟು ಗಟ್ಟಿ ಎಂಬುದು ಗೊತ್ತಿದ್ದವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆದರೂ ರೈತರು ಕೊಳ್ಳಲಿಲ್ಲ. ಕಬ್ಬಿಣ ತಾಕಿದರೆ ಭೂಮಿಗೆ ವಿಷವೇರುತ್ತದೆ ಎಂಬ ನಂಬಿಕೆ ಇತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು.

ಇದನ್ನು ಓದಿದವರು ರೈತರ ಮೂಢನಂಬಿಕೆ ಎಂದು ನಕ್ಕು ಮುಂದೆ ಹೋಗುತ್ತಾರೆ. ನನಗೆ ಹಾಗೆ ನಗಲಾಗಲಿಲ್ಲ. ಮರದ ನೇಗಿಲು ಮುರಿದರೆ ಊರಿನ ಬಡಿಗ ಸರಿಮಾಡುತ್ತಿದ್ದ, ಸುಗ್ಗಿಯಲ್ಲಿ ಅವನಿಗೆ ಕಾಳು ಅಳೆದು ಕೊಟ್ಟರೆ ಆಯಿತು. ಕಬ್ಬಿಣದ್ದಕ್ಕೆ ಕೈಯಲ್ಲಿ ರೊಕ್ಕ ಬೇಕು, ಮುರಿದರೆ ಹೊಸ ಭಾಗ ಎಲ್ಲಿಂದ ತರುವುದು? ವರ್ಷದ ಬೆಳೆಯನ್ನು ಪಣಕ್ಕಿಡುವವನು ಅನುಮಾನಿಸದೆ ಇರುತ್ತಾನೆಯೇ?

ಅಷ್ಟರಲ್ಲಿ ಇನ್ನೊಂದು ಪೆಟ್ಟು. ಊರಿನ ವಿಸ್ತರಣೆಗೆಂದು ಬೆಳಗಾವಿ ಪುರಸಭೆ ಅವರ ಕಾರ್ಖಾನೆಯನ್ನು ಎಬ್ಬಿಸಿತು. ಆಗ ನೆರವಾದವರು ಔಂಧ್ ಸಂಸ್ಥಾನದ ಅರಸರು. ಕುಂಡಲ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಭೂಮಿಯನ್ನೂ ಬಡ್ಡಿಯಿಲ್ಲದೆ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಭೂಮಿ ಎಂದರೆ ಪಾಪಾಸುಕಳ್ಳಿ, ನಾಗರಹಾವುಗಳ ಬರಡು. 1910ರಲ್ಲಿ ಅಲ್ಲಿ ಎದ್ದು ನಿಂತದ್ದೇ ಇಂದಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿ.

ಅವರ ಜೊತೆ ಹೋದವರನ್ನು ನೋಡಿ. ಆಡಳಿತ, ಯೋಜನೆ ರಾಮುಅಣ್ಣನದು. ಎಂಜಿನ್ ನಡೆಸಿ ಎರಕದ ಕೆಲಸವನ್ನೂ ನೋಡಿಕೊಂಡವರು ಶಂಭುರಾವ್ ಜಾಂಭೇಕರ್. ಲೆಕ್ಕ ಮಂಗೇಶರಾವ್ ರೇಗೆಯವರದು. ಊರೂರು ತಿರುಗಿ ಮಾರುವುದು ಕೆ.ಕೆ. ಕುಲಕರ್ಣಿಯವರ ಪಾಲು. ಅನಂತರಾವ್ ಫಳಣೀಕರ್ ಶಾಲೆ ಅರ್ಧಕ್ಕೆ ಬಿಟ್ಟವರು, ಮುಂದೆ ಒಳ್ಳೆಯ ಎಂಜಿನಿಯರ್ ಆಗಿ ಬೆಳೆದರು. ಒಬ್ಬರ ಕೆಲಸ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ನಮ್ಮ ಐದು ಮಂದಿಯಲ್ಲಿ ನಾಲ್ವರಿಗೆ ಸ್ಲೈಡ್ ಮಾಡಲು ಬರುತ್ತಿತ್ತು, ಐದನೆಯವನು ನಾನು, ನನಗೂ ಅದೇ ಬರುತ್ತಿತ್ತು.

ಕಿರ್ಲೋಸ್ಕರವಾಡಿಯಲ್ಲಿ ಅಸ್ಪೃಶ್ಯತೆಗೆ ಜಾಗವಿರಲಿಲ್ಲ. ಜೈಲಿನಿಂದ ಬಿಡುಗಡೆಯಾಗಿ ಬಂದವರನ್ನು ಲಕ್ಷ್ಮಣರಾವ್ ರಾತ್ರಿ ಕಾವಲಿಗೆ ನೇಮಿಸಿಕೊಂಡರು. ಊರು ಬೇಡವೆಂದವರ ಕೈಗೆ ಊರಿನ ಕಾವಲು! ಕಲ್ಯಾಣದ ನೆಲದಲ್ಲಿ, ಕಾಯಕದ ಮಾತು ಕೇಳುತ್ತಲೇ ಬೆಳೆದ ನನಗೆ ಇದು ಹತ್ತಿರದ್ದೆನಿಸಿತು.

ಮುಂದಿನದು ಹೆಚ್ಚಿನವರಿಗೆ ಗೊತ್ತಿರುವ ಕಥೆ. ನೇಗಿಲಿನಿಂದ ಪಂಪಿಗೆ, ಪಂಪಿನಿಂದ ಎಂಜಿನ್ನಿಗೆ ಕಾರ್ಖಾನೆ ಬೆಳೆಯಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಹುಟ್ಟಿದವು. ಅಮೆರಿಕದಲ್ಲಿ ಎಂಜಿನಿಯರಿಂಗ್ ಓದಿ ಬಂದ ಮಗ ಶಂತನುರಾವ್ ಆ ಹೊತ್ತಿಗೆ ಚುಕ್ಕಾಣಿ ಹಿಡಿದಿದ್ದರು. ಲಕ್ಷ್ಮಣರಾವ್ 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. 1969ರಲ್ಲಿ, ಅವರ ಜನ್ಮಶತಮಾನೋತ್ಸವಕ್ಕೆ, ಭಾರತ ಸರ್ಕಾರ ಅಂಚೆಚೀಟಿ ತಂದಿತು.

ಹೋದ ಭಾನುವಾರ ನಮ್ಮ ಆ್ಯಪ್ ವಿಷಯವನ್ನು ಕೊನೆಗೂ ಕಾಕಾನ ಮುಂದೆ ಇಟ್ಟೆ. ಬಾಡಿಗೆ ಯಂತ್ರ ಸಿಗುವುದು ಕಷ್ಟವಲ್ಲ, ಎಲ್ಲರ ತೊಗರಿಯೂ ಒಂದೇ ವಾರದಲ್ಲಿ ರಾಶಿಗೆ ಬರುತ್ತದೆ, ಆ ವಾರ ಯಾವ ಯಂತ್ರ ಯಾರ ಹೊಲಕ್ಕೆ ಮೊದಲು ಹೋಗಬೇಕು ಎಂಬುದೇ ಜಗಳ ಎಂದರು. ನಮ್ಮ ಹದಿನಾಲ್ಕು ಸ್ಲೈಡಿನಲ್ಲಿ ಇದು ಎಲ್ಲೂ ಇರಲಿಲ್ಲ. ಓಣಿಯ ಇನ್ನೂ ಹತ್ತು ಮನೆಗಳ ಹೆಸರು ಬರೆದುಕೊಂಡಿದ್ದೇನೆ. ತಂಡದ ಗುಂಪಿಗೂ ಒಂದು ಮೆಸೇಜ್ ಹಾಕಿದ್ದೇನೆ, ಇಬ್ಬರು ಓದಿದ್ದಾರೆ, ಒಬ್ಬಳು ಮುಂದಿನ ಶನಿವಾರ ಬರುತ್ತೇನೆ ಎಂದಿದ್ದಾಳೆ.